ಮಂತ್ರಿಯಾಗಿದ್ದವರಿಗೂ ಸಿಗಲಿಲ್ಲ ಗಂಡನ ಆಸ್ತಿ: ವಿಜಯಲಕ್ಷ್ಮಿ ಪಂಡಿತ್ ಬದುಕಿನ ಕಥೆ

ನೆಹರು ಅವರ ತಂಗಿ ಅಂದರೆ ಸಾಕು, ಎಲ್ಲವೂ ಕೂತಲ್ಲಿಗೇ ಬಂದಿರಬೇಕು ಅಂತ ಜನ ಅಂದುಕೊಳ್ತಾರೆ. ವಿಜಯಲಕ್ಷ್ಮಿ ಪಂಡಿತ್ ವಿಷಯದಲ್ಲಿ ಅದು ಅರ್ಧ ನಿಜ. ಶ್ರೀಮಂತ ಮನೆಯಲ್ಲಿ ಹುಟ್ಟಿದರು, ಅಣ್ಣ ದೇಶದ ಪ್ರಧಾನಿಯಾದರು, ಅದೆಲ್ಲ ಸರಿ. ಆದರೆ 1944ರ ಜನವರಿಯಲ್ಲಿ ಗಂಡ ತೀರಿಕೊಂಡಾಗ ಈ ಹೆಣ್ಣುಮಗಳ ಕೈ ಬರಿದಾಗಿತ್ತು. ಜೊತೆಗೆ ಮೂವರು ಹೆಣ್ಣುಮಕ್ಕಳು. ಅಷ್ಟರಲ್ಲಾಗಲೇ ಅವರು ಒಂದು ದೊಡ್ಡ ಪ್ರಾಂತ್ಯದ ಮಂತ್ರಿಯಾಗಿ ಕೆಲಸ ಮಾಡಿ ಮುಗಿಸಿದ್ದರು ಅನ್ನೋದನ್ನ ನೆನಪಿಡಿ.

ಹುಟ್ಟಿದ್ದು 1900ರ ಆಗಸ್ಟ್ 18, ಅಲಹಾಬಾದ್‌ನಲ್ಲಿ. ತಂದೆ ಮೋತಿಲಾಲ್ ನೆಹರು ಹೆಸರಾಂತ ವಕೀಲರು. ಅಣ್ಣ ಜವಾಹರಲಾಲ್ 11 ವರ್ಷ ದೊಡ್ಡವರು. ಅಣ್ಣನನ್ನು ಓದಲು ಇಂಗ್ಲೆಂಡ್‌ಗೆ ಕಳಿಸಿದ ಅದೇ ಮನೆ ಮಗಳನ್ನು ಶಾಲೆಗೂ ಕಳಿಸಲಿಲ್ಲ. ಮನೆಯಲ್ಲೇ ಇಂಗ್ಲಿಷ್ ಮೇಡಂ ಒಬ್ಬರನ್ನು ಇಟ್ಟು ಪಾಠ ಹೇಳಿಸಿದರು. ಕಾಲೇಜು ಇಲ್ಲ, ಡಿಗ್ರಿ ಇಲ್ಲ. ಮುಂದೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಲ್ಲಿ ಓದಿ ಬಂದ ಗಂಡಸರ ಎದುರು ಕೂತು ವಾದ ಮಾಡಿದ್ದು ಈ ಮನೆಪಾಠದ ಬಲದ ಮೇಲೇ.

ತವರಿನಲ್ಲಿ ಅವರ ಹೆಸರು ಸ್ವರೂಪ ಕುಮಾರಿ. 1921ರಲ್ಲಿ ಮರಾಠಿ ಮನೆತನದ ಬ್ಯಾರಿಸ್ಟರ್ ರಣಜಿತ್ ಸೀತಾರಾಮ ಪಂಡಿತ್ ಜೊತೆ ಮದುವೆಯಾಯಿತು. ಆ ಮನೆಯ ಪದ್ಧತಿಯಂತೆ ಸೊಸೆಯ ಹೆಸರು ಬದಲಾಯಿತು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಅಕ್ಕಿಯಲ್ಲಿ ಹೊಸ ಹೆಸರು ಬರೆಸ್ತಾರಲ್ಲ, ಅದೇ ರೀತಿ. ರಣಜಿತ್ ಒಳ್ಳೆಯ ಸಂಸ್ಕೃತ ಪಂಡಿತರು. ಕಾಶ್ಮೀರದ ಇತಿಹಾಸ ಹೇಳುವ ಕಲ್ಹಣನ ರಾಜತರಂಗಿಣಿಯನ್ನು ಇಂಗ್ಲಿಷ್‌ಗೆ ತಂದವರಲ್ಲಿ ಇವರೂ ಒಬ್ಬರು. ಗಂಡ ಹೆಂಡತಿ ಇಬ್ಬರೂ ಸ್ವಾತಂತ್ರ್ಯ ಚಳವಳಿಗೆ ಇಳಿದರು, ಇಬ್ಬರೂ ಜೈಲು ಕಂಡರು. ವಿಜಯಲಕ್ಷ್ಮಿ ಮೂರು ಸಲ ಒಳಗೆ ಹೋಗಿ ಬಂದರು.

ರಾಜಕೀಯದ ಶುರು ದೆಹಲಿಯಿಂದ ಆಗಲಿಲ್ಲ. ಮೊದಲು ಅಲಹಾಬಾದ್ ಮುನ್ಸಿಪಾಲಿಟಿ ಸದಸ್ಯೆ, ಅಲ್ಲಿನ ಶಿಕ್ಷಣ ಸಮಿತಿಯ ಜವಾಬ್ದಾರಿ. ಆಮೇಲೆ 1937ರ ಚುನಾವಣೆಯಲ್ಲಿ ಕಾನ್ಪುರ ಜಿಲ್ಲೆಯ ಹಳ್ಳಿಗಾಡಿನ ಕ್ಷೇತ್ರದಿಂದ ಗೆದ್ದರು. ಗೋವಿಂದ ವಲ್ಲಭ ಪಂತ್ ಸರ್ಕಾರದಲ್ಲಿ ಸ್ಥಳೀಯ ಸಂಸ್ಥೆ ಮತ್ತು ಆರೋಗ್ಯ ಖಾತೆ ಸಿಕ್ಕಿತು. ದೇಶದಲ್ಲಿ ಸಂಪುಟ ಸಚಿವೆಯಾದ ಮೊದಲ ಮಹಿಳೆ ಇವರು. ಖಾತೆ ಕೇಳೋಕೆ ಸಣ್ಣದು ಅನ್ನಿಸಬಹುದು. ಆದರೆ ಪುರಸಭೆ, ಜಿಲ್ಲಾ ಬೋರ್ಡು, ಕುಡಿಯುವ ನೀರು, ಚರಂಡಿ, ಆಸ್ಪತ್ರೆ ಎಲ್ಲಾ ಅದರೊಳಗೇ ಬಂತು. 1938ರ ಹರಿದ್ವಾರ ಕುಂಭಮೇಳದ ಸಮಯದಲ್ಲಿ ಕಾಲರಾ ಕಾಣಿಸಿಕೊಂಡಾಗ ಆರೋಗ್ಯ ಮಂತ್ರಿಯಾಗಿದ್ದವರು ಇವರೇ. 1939ರಲ್ಲಿ ಭಾರತೀಯರನ್ನು ಒಂದು ಮಾತೂ ಕೇಳದೆ ಬ್ರಿಟಿಷರು ದೇಶವನ್ನು ಯುದ್ಧಕ್ಕೆ ಎಳೆದರು. ಕಾಂಗ್ರೆಸ್ ಸರ್ಕಾರಗಳೆಲ್ಲ ರಾಜೀನಾಮೆ ಕೊಟ್ಟವು. ಇವರ ಮಂತ್ರಿಗಿರಿಯೂ ಮುಗಿಯಿತು.

ಜೈಲಿನಲ್ಲಿ ರಣಜಿತ್ ಅವರ ಆರೋಗ್ಯ ಪೂರ್ತಿ ಹದಗೆಟ್ಟಿತು. ಬಿಡುಗಡೆಯಾಗಿ ಬಂದವರು ಹೆಚ್ಚು ದಿನ ಉಳಿಯಲಿಲ್ಲ. 1944ರ ಜನವರಿ 14, ನಮ್ಮಲ್ಲಿ ಸಂಕ್ರಾಂತಿಯ ಹೊತ್ತು, ತೀರಿಕೊಂಡರು. ವಿಲ್ ಬರೆದಿರಲಿಲ್ಲ.

ಇಲ್ಲಿಂದ ಶುರುವಾಯ್ತು ಆಸ್ತಿ ತಕರಾರು. ಗಂಡನ ಕಡೆಯವರು ಆಸ್ತಿ ತಮ್ಮದು ಅಂದರು. ಆಗಿನ ಹಿಂದೂ ಕಾನೂನಿನಲ್ಲಿ ಗಂಡುಮಕ್ಕಳಿಲ್ಲದ ವಿಧವೆಯ ಸ್ಥಿತಿ ಬಹಳ ಕಷ್ಟದ್ದು. 1937ರಲ್ಲಿ ಬಂದ ಕಾಯ್ದೆ ಕೂಡ ವಿಧವೆಗೆ ಬದುಕಿರೋವರೆಗೆ ಅನುಭವಿಸುವ ಹಕ್ಕು ಮಾತ್ರ ಕೊಟ್ಟಿತ್ತು, ಪೂರ್ತಿ ಒಡೆತನ ಅಲ್ಲ. ಹೆಣ್ಣುಮಕ್ಕಳಿಗಂತೂ ಅದರಲ್ಲಿ ಹೊಸದಾಗಿ ಏನೂ ಇರಲಿಲ್ಲ. ಸಾವಿರಾರು ಹೆಂಗಸರ ಪಾಡು ಇದೇ ಆಗಿತ್ತು. ವ್ಯತ್ಯಾಸ ಏನಂದ್ರೆ, ಈ ಸಲ ಏಟು ಬಿದ್ದದ್ದು ಮಂತ್ರಿಯಾಗಿದ್ದವರಿಗೆ, ಅಖಿಲ ಭಾರತ ಮಹಿಳಾ ಪರಿಷತ್ತಿನ ಅಧ್ಯಕ್ಷೆಯಾಗಿದ್ದವರಿಗೆ. ಅಣ್ಣ ಆಗ ಅಹಮದ್‌ನಗರ ಕೋಟೆಯ ಜೈಲಿನಲ್ಲಿ. ಕೋರ್ಟು ಕಚೇರಿ ಅಂತ ಹಗೆ ಬೆಳೆಸಬೇಡ, ಗಂಡನ ಮನೆಯವರ ಜೊತೆ ಮನಸ್ತಾಪ ಮುಗಿಸಿಕೋ ಅನ್ನೋದು ಗಾಂಧೀಜಿ ಕೊಟ್ಟ ಸಲಹೆ. ವಿಜಯಲಕ್ಷ್ಮಿ ಅದನ್ನು ಪಾಲಿಸಿದರು. ಸಲಹೆ ದೊಡ್ಡದೇ, ಆದರೆ ಅನ್ಯಾಯ ಆದವರೇ ತಗ್ಗಬೇಕಾಯ್ತಲ್ಲ ಅನ್ನೋ ಪ್ರಶ್ನೆ ಉಳಿದೇ ಉಳಿಯುತ್ತೆ.

ಇಲ್ಲಿ ನಮ್ಮ ನೆಲದ ವಿಷಯ ಒಂದು ಹೇಳಲೇಬೇಕು. ಹಳೇ ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಹೆಣ್ಣುಮಕ್ಕಳ ಆಸ್ತಿ ಹಕ್ಕಿಗೆ ಪ್ರತ್ಯೇಕ ಕಾಯ್ದೆ ಆಗಿತ್ತು. ಬ್ರಿಟಿಷ್ ಇಂಡಿಯಾಕ್ಕಿಂತ ನಾಲ್ಕು ವರ್ಷ ಮೊದಲು.

ದುಡಿಮೆ ಬೇಕಿತ್ತು. ಹಿರಿಯ ಹೆಣ್ಣುಮಕ್ಕಳಿಬ್ಬರು ಅಮೆರಿಕದಲ್ಲಿ ಓದುತ್ತಿದ್ದರು. 1944ರ ಕೊನೆಗೆ ಅಮೆರಿಕದ ಸೇನಾ ವಿಮಾನವೊಂದರಲ್ಲಿ ಅಲ್ಲಿಗೆ ಹೋದರು. ಒಂದು ಸಮ್ಮೇಳನ ಮುಗಿಸಿ, ಊರೂರು ಸುತ್ತಿ ಭಾರತದ ಬಗ್ಗೆ ಭಾಷಣ ಮಾಡಿದರು. ಈ ಭಾಷಣಗಳಿಗೆ ಸಂಭಾವನೆ ಸಿಗುತ್ತಿತ್ತು. ಅಂದರೆ ಮಾತೇ ಬಂಡವಾಳ. ಹೊಟ್ಟೆಪಾಡಿಗೆ ಹಿಡಿದ ಈ ಕೆಲಸವೇ ಅವರಿಗೆ ಹೊರದೇಶದ ಸಭೆ, ಪತ್ರಿಕೆಯವರು, ಅಧಿಕಾರಿಗಳು ಎಲ್ಲವನ್ನೂ ಪರಿಚಯ ಮಾಡಿಕೊಟ್ಟಿತು.

1945ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಿಶ್ವಸಂಸ್ಥೆ ಹುಟ್ಟುಹಾಕುವ ಸಭೆ ನಡೆಯಿತು. ಭಾರತದ ಪರವಾಗಿ ಬ್ರಿಟಿಷ್ ಸರ್ಕಾರ ಕಳಿಸಿದ ತಂಡದ ಮುಖ್ಯಸ್ಥರು ಸರ್ ರಾಮಸ್ವಾಮಿ ಮೊದಲಿಯಾರ್. ಮರು ವರ್ಷ ನಮ್ಮ ಮೈಸೂರಿಗೆ ದಿವಾನರಾಗಿ ಬಂದವರು ಅವರೇ. ವಿಜಯಲಕ್ಷ್ಮಿಗೆ ಸಭೆಯೊಳಗೆ ಜಾಗ ಇರಲಿಲ್ಲ. ಹೊರಗೇ ನಿಂತು ಪತ್ರಿಕಾಗೋಷ್ಠಿ ಮಾಡಿದರು, ಮನವಿ ಪತ್ರ ಹಂಚಿದರು, ಒಳಗಿರೋರು ಭಾರತದ ಜನ ಆರಿಸಿದವರಲ್ಲ ಅಂತ ಜಗತ್ತಿಗೆ ತಿಳಿಸಿದರು.

ಒಂದೂವರೆ ವರ್ಷದಲ್ಲಿ ಗಾಳಿ ತಿರುಗಿತು. 1946ರಲ್ಲಿ ಅದೇ ವಿಶ್ವಸಂಸ್ಥೆಗೆ ಭಾರತ ತಂಡದ ನಾಯಕಿಯಾಗಿ ಹೋದರು. ವಿಷಯ ವ್ಯಾಪಾರಸ್ಥರಿಗೆ ಚೆನ್ನಾಗಿ ಅರ್ಥವಾಗುವಂಥದ್ದು. ದಕ್ಷಿಣ ಆಫ್ರಿಕಾದ ಸರ್ಕಾರ ಆ ವರ್ಷ ಹೊಸ ಕಾನೂನು ತಂದು, ನಟಾಲ್‌ನಂಥ ಕಡೆ ಭಾರತೀಯರು ಎಲ್ಲಿ ಜಾಗ ಕೊಳ್ಳಬಹುದು, ಎಲ್ಲಿ ಇರಬಹುದು ಅನ್ನೋದಕ್ಕೆ ಗೆರೆ ಎಳೆಯಿತು. ಭಾರತ ಆ ದೇಶದ ಜೊತೆ ವ್ಯಾಪಾರವನ್ನೇ ನಿಲ್ಲಿಸಿತು. ಎದುರಾಳಿ ಅಲ್ಲಿನ ಪ್ರಧಾನಿ ಜನರಲ್ ಸ್ಮಟ್ಸ್, ವಿಶ್ವಸಂಸ್ಥೆಯ ಸನ್ನದಿಗೆ ಕೈ ಹಾಕಿದ್ದ ಹಿರಿಯರು. ಮೂರನೇ ಎರಡು ಬಹುಮತ ಬೇಕಿತ್ತು. 32 ಮತ ಪರ, 15 ವಿರುದ್ಧ. ಭಾರತ ಗೆದ್ದಿತು. ಆಗಿನ್ನೂ ದೇಶಕ್ಕೆ ಸ್ವಾತಂತ್ರ್ಯ ಬಂದಿರಲಿಲ್ಲ ಅನ್ನೋದು ಗಮನಿಸಿ. ಗೆದ್ದ ಮೇಲೆ ನೇರ ಸ್ಮಟ್ಸ್ ಹತ್ತಿರ ಹೋಗಿ, ವಾದದ ಬಿಸಿಯಲ್ಲಿ ಗಾಂಧೀಜಿಯ ಮಟ್ಟಕ್ಕೆ ಕಡಿಮೆಯಾದ ಮಾತು ಬಂದಿದ್ದರೆ ಕ್ಷಮಿಸಿ ಅಂತ ಕೇಳಿಕೊಂಡರು. ಸ್ಥಳೀಯ ಚುನಾವಣೆ ಗೆದ್ದವರೂ ಸೋತವರ ಮನೆಗೆ ಹೋಗದ ಕಾಲ ಇದು, ಹಾಗಾಗಿ ಈ ಸಂಗತಿ ಸ್ವಲ್ಪ ವಿಚಿತ್ರ ಅನ್ನಿಸಬಹುದು.

ಆಮೇಲಿನದ್ದು ಹುದ್ದೆಗಳ ಸಾಲು. 1947ರಲ್ಲಿ ಮಾಸ್ಕೋಗೆ ರಾಯಭಾರಿ. ಅಲ್ಲಿ ಅಷ್ಟು ಯಶಸ್ಸು ಸಿಗಲಿಲ್ಲ. ಸ್ಟಾಲಿನ್ ಒಂದು ಸಲವೂ ಭೇಟಿ ಕೊಡಲಿಲ್ಲ. ನಂತರ ಹೋದ ರಾಧಾಕೃಷ್ಣನ್, ಹಿಂದೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದವರು, ಸ್ಟಾಲಿನ್‌ರನ್ನು ಕಂಡು ಬಂದರು. 1949ರಲ್ಲಿ ಅಮೆರಿಕಕ್ಕೆ ರಾಯಭಾರಿ. ಆಗ ಇಲ್ಲಿ ಕಾಳಿಗೆ ಬರ, ರೇಷನ್ ಕಾಲ. 20 ಲಕ್ಷ ಟನ್ ಧಾನ್ಯ ಬೇಕು ಅಂತ ಅಮೆರಿಕಕ್ಕೆ ಕೇಳಿಕೆ ಇಟ್ಟದ್ದು ಇವರ ಕಾಲದಲ್ಲೇ. ಅಲ್ಲಿನ ಸಂಸತ್ತು ತಿಂಗಳುಗಟ್ಟಲೆ ಎಳೆದಾಡಿ 1951ರಲ್ಲಿ 19 ಕೋಟಿ ಡಾಲರ್ ಸಾಲ ಒಪ್ಪಿತು. ದಾನ ಅಲ್ಲ, ಸಾಲ.

1953ರಲ್ಲಿ ವಿಶ್ವಸಂಸ್ಥೆ ಮಹಾಸಭೆಯ ಅಧ್ಯಕ್ಷರಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಹೆಣ್ಣು. ಎಂಟು ವರ್ಷದ ಹಿಂದೆ ಬಾಗಿಲ ಹೊರಗೆ ನಿಂತಿದ್ದವರು. 1954ರಿಂದ 1961ರವರೆಗೆ ಲಂಡನ್‌ನಲ್ಲಿ ಹೈಕಮಿಷನರ್. ಅವರು ಲಂಡನ್‌ನಲ್ಲಿದ್ದಾಗಲೇ, 1956ರಲ್ಲಿ, ಇಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಪಾಸಾಯಿತು. ವಿಲ್ ಇಲ್ಲದೆ ಸತ್ತವನ ಪಾಲಿನಲ್ಲಿ ಹೆಂಡತಿ, ಮಗಳು, ಮಗ ಸಮಾನ ಹಕ್ಕುದಾರರು ಅಂತಾಯಿತು. ರಣಜಿತ್ ಸತ್ತು 12 ವರ್ಷ ಆಗಿತ್ತು. ಪಿತ್ರಾರ್ಜಿತ ಕೂಡುಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಮಗಳಿಗೆ ಪಾಲು ಅನ್ನೋದು ಕರ್ನಾಟಕದಲ್ಲಿ ಬರಲು 1994ರ ತನಕ ಕಾಯಬೇಕಾಯ್ತು, ಇಡೀ ದೇಶಕ್ಕೆ 2005ರ ತನಕ.

1962ರಲ್ಲಿ ಮಹಾರಾಷ್ಟ್ರದ ರಾಜ್ಯಪಾಲೆ. ಅಣ್ಣ ತೀರಿದ ಮೇಲೆ 1964ರಲ್ಲಿ ಅವರ ಫೂಲ್‌ಪುರ ಕ್ಷೇತ್ರದಿಂದಲೇ ಲೋಕಸಭೆಗೆ ಹೋದರು, 1967ರಲ್ಲೂ ಗೆದ್ದರು. ಆದರೆ ಅಣ್ಣನ ಮಗಳು ಇಂದಿರಾ ಜೊತೆ ಹೊಂದಲಿಲ್ಲ. ಮರು ವರ್ಷ ರಾಜೀನಾಮೆ ಕೊಟ್ಟು ಡೆಹ್ರಾಡೂನ್ ಮನೆ ಸೇರಿದರು.

ತುರ್ತು ಪರಿಸ್ಥಿತಿ ಬಂದಾಗ 75ರ ವಯಸ್ಸು. ಮನೆ ಮಾತು ಮನೆಯೊಳಗೇ ಇರಲಿ ಅಂತ ಸುಮ್ಮನಿರಬಹುದಿತ್ತು. 1977ರಲ್ಲಿ ಸೋದರ ಸೊಸೆಯ ವಿರುದ್ಧವೇ ಪ್ರಚಾರಕ್ಕೆ ಇಳಿದರು. ಉತ್ತರದಲ್ಲಿ ಕಾಂಗ್ರೆಸ್ ಕೊಚ್ಚಿಹೋಯ್ತು. ನಮ್ಮ ರಾಜ್ಯದಲ್ಲಿ ಮಾತ್ರ 28ರಲ್ಲಿ 26 ಕ್ಷೇತ್ರ ಕಾಂಗ್ರೆಸ್‌ಗೇ ಹೋಯಿತು, ಅದು ಬೇರೆ ಕಥೆ. ಗೆದ್ದ ಜನತಾ ಪಕ್ಷ ಇವರನ್ನು ರಾಷ್ಟ್ರಪತಿ ಮಾಡಬಹುದು ಅನ್ನೋ ಮಾತಿತ್ತು. ಆ ಜಾಗ ಸಂಜೀವ ರೆಡ್ಡಿ ಪಾಲಾಯಿತು. 1979ರಲ್ಲಿ ಆತ್ಮಕಥೆ ಬಂತು. ಗಂಡ ಸತ್ತಾಗ ಏನಾಯ್ತು ಅನ್ನೋದನ್ನ ಮುಚ್ಚಿಡದೆ ಅದರಲ್ಲಿ ಬರೆದಿದ್ದಾರೆ. 1990ರ ಡಿಸೆಂಬರ್ 1ರಂದು ಡೆಹ್ರಾಡೂನ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 90 ವರ್ಷ.