ರಟ್ಟೀಹಳ್ಳಿಯಲ್ಲಿ ಸೋತಿದ್ದ ಹೈದರ್ ಅಲಿ: ರಾಕೆಟ್ ಪಡೆ ಬೆಳೆಸಿದ ದಂಡನಾಯಕನ ಕಥೆ

ರಾಣೆಬೆನ್ನೂರು: ರಾಕೆಟ್ ಅಂದ ತಕ್ಷಣ ಎಲ್ಲರೂ ಟಿಪ್ಪು ಹೆಸರು ಹೇಳ್ತಾರೆ. ಆದರೆ ಮೈಸೂರಿನ ರಾಕೆಟ್ ಪಡೆಯನ್ನ ಮೊದಲು ಬೆಳೆಸಿದ್ದು ಅವನ ಅಪ್ಪ ಹೈದರ್ ಅಲಿ. ಆ ಹೈದರ್ ಭಾರೀ ಸೋಲು ಉಂಡಿದ್ದು ನಮ್ಮ ಪಕ್ಕದ ರಟ್ಟೀಹಳ್ಳಿಯಲ್ಲಿ. ಇದು ಈ ಭಾಗದ ಎಷ್ಟೋ ಜನಕ್ಕೇ ಗೊತ್ತಿಲ್ಲ.

ಕೋಲಾರ ಜಿಲ್ಲೆಯ ಬೂದಿಕೋಟೆ ಹೈದರ್ ಹುಟ್ಟಿದೂರು. ತಂದೆ ಫತೇ ಮುಹಮ್ಮದ್ ಆರ್ಕಾಟ್ ನವಾಬನ ಹತ್ತಿರ 50 ಮಂದಿ ರಾಕೆಟ್ ಸಿಪಾಯಿಗಳ ನಾಯಕನಾಗಿದ್ದ. ಅಂದ್ರೆ ಈ ವಿದ್ಯೆ ಮನೆಯಲ್ಲೇ ಇತ್ತು. ಹೈದರನಿಗೆ ಓದು ಬರಹ ಬರ್ತಿರಲಿಲ್ಲ. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಮೈಸೂರು ಅರಸರ ಕಡೆಯವರ ಕಣ್ಣಿಗೆ ಬಿದ್ದ, 1761ರ ಹೊತ್ತಿಗೆ ರಾಜ್ಯವೇ ಅವನ ಕೈಯಲ್ಲಿತ್ತು.

1763ರಲ್ಲಿ ಬಿದನೂರು, ಅಂದರೆ ಈಗಿನ ಹೊಸನಗರ ತಾಲೂಕಿನ ನಗರ, ಗೆದ್ದ. ಅಲ್ಲಿ ಸಿಕ್ಕ ಐಶ್ವರ್ಯದ ಬಲದ ಮೇಲೆ ಸವಣೂರು ನವಾಬನ ಮೇಲೆ ಬಿದ್ದ. ಇದು ಪುಣೆಯ ಪೇಶ್ವೆ ಮಾಧವರಾವ್‌ಗೆ ಸಹಿಸಲಿಲ್ಲ. 1764ರ ಮೇ ತಿಂಗಳು ರಟ್ಟೀಹಳ್ಳಿ ಹತ್ತಿರ ಮರಾಠರ ಕುದುರೆ ದಂಡಿಗೆ ಸಿಕ್ಕಿ ಹೈದರನ ಸೈನ್ಯ ಪುಡಿಪುಡಿಯಾಯ್ತು. ಅವನು ಕಾಡಿನ ಕಡೆ ಹಿಂದೆ ಸರಿದ. ಮುಂದಿನ ವರ್ಷ ದೊಡ್ಡ ಮೊತ್ತ ಕೊಟ್ಟು, ಸವಣೂರು ಬಿಟ್ಟು ರಾಜಿಯಾಗಬೇಕಾಯ್ತು. ಯಾರು ಗೆದ್ದರೂ ದಂಡು ತುಳಿದಿದ್ದು ಇಲ್ಲಿನ ಹೊಲವನ್ನೇ.

ಹೈದರ್ ಸುಮ್ಮನೆ ಕೂರಲಿಲ್ಲ. ಮರಾಠರ ಮನೆಯೊಳಗೆ ಜಗಳ ಶುರುವಾದಾಗ ತಿರುಗಿ ಬಂದು ಕೃಷ್ಣಾ ನದಿವರೆಗೂ ಹಿಡಿದ. 1779ರಲ್ಲಿ ಅದೇ ಸವಣೂರಿನ ನವಾಬನ ಜೊತೆ ಬೀಗತನ ಮಾಡಿದ, ಮಗನಿಗೆ ಅಲ್ಲಿಂದ ಹೆಣ್ಣು ತಂದ, ಮಗಳನ್ನ ಅಲ್ಲಿಗೆ ಕೊಟ್ಟ.

ರಾಕೆಟ್ ವಿಷಯಕ್ಕೆ ಬಂದರೆ, ಜಾತ್ರೆಯ ಬಾಣಬಿರುಸಿನ ಲೆಕ್ಕವೇ ಅದು. ಆದರೆ ಕಾಗದ, ಬಿದಿರಿನ ಕೊಳವೆ ಒತ್ತಡ ತಾಳದೆ ಒಡೆಯುತ್ತೆ. ಮೈಸೂರಿನವರು ಕಬ್ಬಿಣದ ಕೊಳವೆಯೊಳಗೆ ಮದ್ದು ಗಿಡಿದು, ಉದ್ದನೆ ಬಿದಿರು ಗಳ ಕಟ್ಟಿ ಹಾರಿಸ್ತಿದ್ರು. ಅದಕ್ಕೇ ಅದು ಕಿಲೋಮೀಟರಿಗೂ ಹೆಚ್ಚು ದೂರ ಹೋಗ್ತಿತ್ತು. ಗುರಿ ಅಷ್ಟು ನಿಖರ ಇರಲಿಲ್ಲ, ಆದರೂ ಶತ್ರುಗಳ ಕುದುರೆ, ಎತ್ತು ಬೆದರಿ ಓಡೋಕೆ ಅಷ್ಟು ಸಾಕಾಗಿತ್ತು. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರಂ ಹತ್ತಿರದ ಪೊಲ್ಲಿಲೂರಿನಲ್ಲಿ ಬ್ರಿಟಿಷರ ಮದ್ದಿನ ಬಂಡಿಗಳೇ ಸ್ಫೋಟಗೊಂಡವು. ರಾಕೆಟ್ ಬಿದ್ದೇ ಹಾಗಾಯ್ತು ಅಂತ ಹಲವರ ಅಭಿಪ್ರಾಯ. ಕರ್ನಲ್ ಬೇಲಿ ಸೆರೆ ಸಿಕ್ಕ.

1782ರ ಡಿಸೆಂಬರ್ 7ರಂದು, ಯುದ್ಧ ನಡೀತಿರುವಾಗಲೇ, ಬೆನ್ನಿಗೆ ಎದ್ದ ಹುಣ್ಣಿನಿಂದ ಚಿತ್ತೂರಿನ ಹತ್ತಿರ ಹೈದರ್ ತೀರಿಕೊಂಡ. ಸಮಾಧಿ ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿದೆ. ಮಗನ ಕಾಲಕ್ಕೆ ಆ ಪಡೆ ಇನ್ನೂ ಬೆಳೆಯಿತು. 1799ರ ನಂತರ ಬ್ರಿಟಿಷರು ರಾಕೆಟ್‌ಗಳನ್ನ ಇಂಗ್ಲೆಂಡಿಗೆ ಸಾಗಿಸಿದರು, ವಿಲಿಯಂ ಕಾಂಗ್ರೀವ್ ಅದನ್ನೇ ನೋಡಿ ತನ್ನ ರಾಕೆಟ್ ಮಾಡಿದ.

2018ರಲ್ಲಿ ಹೈದರ್ ಗೆದ್ದಿದ್ದ ಅದೇ ನಗರದ ಹಳೇ ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆ ಸಿಕ್ಕವು. ಪುರಾತತ್ವ ಇಲಾಖೆ ಅವನ್ನ ಟಿಪ್ಪು ಕಾಲದವು ಅಂತ ಗುರುತಿಸಿತು.