ಪಂಡಿತಾ ರಮಾಬಾಯಿಯೂ ಅವರ ತಾಯಿಯೂ

ಕಾರ್ಕಳದಿಂದ ಕುದುರೆಮುಖದತ್ತ ಹೋಗುವ ಬಸ್ಸು ಘಟ್ಟವನ್ನೇರುವ ಮೊದಲು ಮಾಳವೆಂಬ ಊರನ್ನು ಹಾದು ಹೋಗುತ್ತದೆ. ಭಿವಂಡಿ, ಠಾಣೆ, ಡೊಂಬಿವಲಿಗಳ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುತ್ತಿರುವ ನಮ್ಮ ಬಾಂಧವರಲ್ಲಿ ಆ ದಾರಿಯನ್ನು ಕಂಡವರು ಅನೇಕರಿರಬಹುದು. ಆದರೆ ಮಹಾರಾಷ್ಟ್ರವು ತನ್ನವರೆಂದು ಅಭಿಮಾನದಿಂದ ಸ್ಮರಿಸುವ ಪಂಡಿತಾ ರಮಾಬಾಯಿಯವರ ತಂದೆಯ ಮನೆ ಆ ಮಾಳದಲ್ಲಿತ್ತೆಂಬುದನ್ನು ಬಲ್ಲವರು ಕೆಲವರೇ. ರಮಾಬಾಯಿಯವರ ಸಾರ್ವಜನಿಕ ಕಾರ್ಯಗಳ ಕುರಿತು ಬರೆದವರು ಬಹಳ ಮಂದಿ. ಅವರ ಮನೆಯೊಳಗಿನ ಕಥೆಯನ್ನು, ಎಂದರೆ ಅವರಿಗೆ ಅಕ್ಷರವನ್ನು ಕೊಟ್ಟ ತಾಯಿಯ ಕಥೆಯನ್ನೂ ಮುಂದೆ ಅವರೇ ತಾಯಿಯಾದ ಕಥೆಯನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರು ಮಾಳದ ಚಿತ್ಪಾವನ ಮನೆತನದವರು. ಯೌವನದಲ್ಲಿ ವಿದ್ಯಾರ್ಜನೆಗಾಗಿ ಪುಣೆಗೆ ಹೋಗಿ ರಾಮಚಂದ್ರ ಶಾಸ್ತ್ರಿ ಸಾಠೆಯವರ ಶಿಷ್ಯರಾದರು. ಆ ಗುರುಗಳು ಪೇಶ್ವೆ ಎರಡನೆಯ ಬಾಜೀರಾಯರ ಪತ್ನಿಗೆ ಸಂಸ್ಕೃತ ಪಾಠವನ್ನು ಹೇಳುತ್ತಿದ್ದರು. ಅರಮನೆಯ ಹೆಂಗಸೊಬ್ಬಳು ಶ್ಲೋಕಗಳನ್ನು ಶುದ್ಧವಾಗಿ ಪಠಿಸುವುದನ್ನು ಕೇಳಿದ ಈ ತರುಣನಿಗೆ, ತನ್ನ ಮನೆಯಾಕೆಗೂ ಇದನ್ನು ಕಲಿಸಬೇಕೆಂಬ ಹಂಬಲವುಂಟಾಯಿತು. ಊರಿಗೆ ಮರಳಿ ಪ್ರಯತ್ನಿಸಿದಾಗ ಹಿರಿಯರು ಒಪ್ಪಲಿಲ್ಲ, ಹೆಂಡತಿಗೂ ಮನಸ್ಸಾಗಲಿಲ್ಲ. ಆ ಪತ್ನಿ ಕಾಲವಾದ ತರುವಾಯ ತೀರ್ಥಯಾತ್ರೆಗೆ ಹೊರಟ ಶಾಸ್ತ್ರಿಗಳು, ಗೋದಾವರಿಯ ತೀರದಲ್ಲಿ ಯಾತ್ರಿಕರೊಬ್ಬರ ಮಗಳನ್ನು ವರಿಸಿದರು. ವಧುವಿಗೆ ಒಂಬತ್ತು ವರ್ಷ, ವರನಿಗೆ ನಲವತ್ತು ದಾಟಿತ್ತು. ಇಂದು ನಮಗೆ ಕೇಳಲು ಸಂಕಟವೆನಿಸುವ ಮಾತಿದು. ಅಂದು ಅದನ್ನು ಯಾರೂ ಆಕ್ಷೇಪಿಸಲಿಲ್ಲ. ಆಕ್ಷೇಪ ಹುಟ್ಟಿದ್ದು ಆ ಬಾಲೆಗೆ ಅವರು ಸಂಸ್ಕೃತವನ್ನು ಕಲಿಸತೊಡಗಿದಾಗ!

ಆಕೆಯೇ ಲಕ್ಷ್ಮೀಬಾಯಿ. ಸ್ತ್ರೀಗೆ ದೇವಭಾಷೆಯನ್ನು ಕಲಿಸುತ್ತಿರುವರೆಂಬ ದೂರು ಉಡುಪಿಯವರೆಗೆ ಹೋಯಿತು. ಶಾಸ್ತ್ರಿಗಳು ಗ್ರಂಥಗಳಿಂದಲೇ ಆಧಾರಗಳನ್ನು ಸಂಗ್ರಹಿಸಿ ತಮ್ಮ ಪಕ್ಷವನ್ನು ಸಮರ್ಥಿಸಿದರು. ಆದರೂ ಊರಿನ ಸಹವಾಸ ಸಾಕೆನಿಸಿ, ತುಂಗಾ ಭದ್ರಾ ನದಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿಕೊಂಡರು. ಆ ಕಾಡಿನ ಮನೆಯಲ್ಲಿ ಲಕ್ಷ್ಮೀಬಾಯಿಯವರು ಗೃಹಿಣಿಯೂ ವಿದ್ಯಾರ್ಥಿನಿಯೂ ಆದರು. ಗುರುಕುಲದ ಶಿಷ್ಯರಿಗೆ, ತೀರ್ಥಕ್ಷೇತ್ರವೆಂದು ಬರುವ ಯಾತ್ರಿಕರಿಗೆ, ಮನೆಯವರಿಗೆ ನಿತ್ಯವೂ ಅನ್ನ ಬೇಯಬೇಕು. ಹೊಲ, ದನಕರುಗಳ ಮೇಲೂ ಕಣ್ಣಿರಬೇಕು. ಹೆತ್ತ ಆರು ಮಕ್ಕಳಲ್ಲಿ ಉಳಿದವರು ಮೂವರು: ಕೃಷ್ಣಾ, ಶ್ರೀನಿವಾಸ, ಮತ್ತು 1858ರ ಏಪ್ರಿಲ್ 23ರಂದು ಹುಟ್ಟಿದ ರಮಾ. ಇಷ್ಟರ ನಡುವೆ ಆಕೆ ಪುರಾಣಗಳನ್ನು ಇತರರಿಗೆ ಬೋಧಿಸಬಲ್ಲಷ್ಟು ಪಾಂಡಿತ್ಯವನ್ನು ಗಳಿಸಿದರು.

ಅತಿಥಿ ಸತ್ಕಾರವು ಶಾಸ್ತ್ರಿಗಳನ್ನು ಸಾಲಗಾರರನ್ನಾಗಿ ಮಾಡಿತು. ಬಂದವರಿಗೆಲ್ಲ ಬಿಟ್ಟಿ ಊಟವಿಕ್ಕಿದರೆ ಏನಾಗುವುದೆಂಬುದನ್ನು ಹೋಟೆಲಿನವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಭೂಮಿ ಕೈಬಿಟ್ಟಿತು. ರಮಾ ಇನ್ನೂ ಕೂಸಾಗಿದ್ದಾಗಲೇ ಸಂಸಾರ ಕಾಡನ್ನು ತೊರೆಯಿತು. ಬೆತ್ತದ ಪೆಟ್ಟಿಗೆಯೊಂದರಲ್ಲಿ ಕೂಸನ್ನಿಟ್ಟು, ಆಳೊಬ್ಬನು ಅದನ್ನು ತಲೆಯ ಮೇಲೆ ಹೊತ್ತು ಬೆಟ್ಟವನ್ನಿಳಿದನು. ಅಲ್ಲಿಂದಾಚೆಗೆ ಅವರಿಗೆ ನಿಂತ ಮನೆಯೆಂಬುದೇ ಇರಲಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ಕಾಲ್ನಡಿಗೆ. ದೇವಾಲಯಗಳ ಬಳಿ ಕುಳಿತು ಪುರಾಣವನ್ನೋದುವುದು, ಕೇಳಿದವರು ಕೊಟ್ಟ ದಕ್ಷಿಣೆಯಲ್ಲಿ ಜೀವನ.

ರಮಾಳಿಗೆ ಎಂಟು ವರ್ಷವಾಗುವ ಹೊತ್ತಿಗೆ ತಂದೆಗೆ ಮುಪ್ಪಡರಿತ್ತು. ಪಾಠದ ಭಾರವು ತಾಯಿಯ ಮೇಲೆ ಬಿದ್ದಿತು. ಹಗಲೆಲ್ಲ ಮನೆಗೆಲಸ, ಇಲ್ಲವೆ ನಡಿಗೆ. ಆದುದರಿಂದ ಲಕ್ಷ್ಮೀಬಾಯಿಯವರು ಹಕ್ಕಿಗಳು ಉಲಿಯತೊಡಗುವ ಹೊತ್ತನ್ನು ಪಾಠಕ್ಕೆಂದು ಆರಿಸಿಕೊಂಡರು. ನೆಲದ ಮೇಲೆ ಮಲಗಿದ್ದ ಮಗುವನ್ನು ಎತ್ತಿ, ಮುದ್ದುಮಾತುಗಳಿಂದ ಎಚ್ಚರಿಸಿ, ತೋಳಿನಲ್ಲಿಟ್ಟುಕೊಂಡೇ ಶ್ಲೋಕಗಳನ್ನು ಹೇಳಿಕೊಡುತ್ತಿದ್ದರು. ಈ ಲೇಖಕನು ಹಲವು ವರ್ಷ ಬೆಳಗಿನ ಜಾವ ನಾಲ್ಕಕ್ಕೆದ್ದು ಒಲೆ ಹೊತ್ತಿಸಿದವನು. ಒಲೆ ಹೊತ್ತುವ ಮುಂಚಿನ ಆ ಅರ್ಧ ಗಂಟೆಯೊಂದೇ ದುಡಿಯುವವನ ಸ್ವಂತದ್ದು, ಅದನ್ನು ನಿದ್ದೆಗೆ ಕೊಡದೆ ಇನ್ನೊಂದಕ್ಕೆ ಕೊಡುವುದು ಎಷ್ಟು ಕಷ್ಟವೆಂಬುದನ್ನು ಬಲ್ಲವನು. ಲಕ್ಷ್ಮೀಬಾಯಿಯವರು ಏಳು ವರ್ಷಗಳ ಕಾಲ ಅದನ್ನು ಕೊಟ್ಟರು. ಭಾಗವತದ 18,000 ಶ್ಲೋಕಗಳು ಬಾಲಕಿಗೆ ಕಂಠಗತವಾದುದು ಹೀಗೆ.

ಹಿರಿಯ ಮಗಳು ಕೃಷ್ಣಾಳನ್ನು ಬಾಲ್ಯದಲ್ಲಿಯೇ ಮದುವೆ ಮಾಡಿಕೊಟ್ಟು, ಆ ಮದುವೆ ಕೆಟ್ಟುದನ್ನು ಕಂಡಿದ್ದ ತಂದೆತಾಯಿಗಳು ರಮಾಳಿಗೆ ಮದುವೆಯ ಅವಸರ ಮಾಡಲಿಲ್ಲ. ಆದರೆ ಹೊಟ್ಟೆಪಾಡಿನ ಇನ್ನಾವ ಕಸುಬನ್ನೂ ಮಕ್ಕಳಿಗೆ ಕಲಿಸಲಿಲ್ಲ. ಬರಗಾಲ ಬಂದಾಗ ಈ ತಪ್ಪಿಗೆ ಸಂಸಾರವು ಬಹು ದೊಡ್ಡ ಬೆಲೆ ತೆತ್ತಿತು. 1874ರಲ್ಲಿ ಉಪವಾಸದಿಂದ ಬಳಲಿ ತಂದೆ ತೀರಿಕೊಂಡರು. ಸ್ವಲ್ಪ ಕಾಲದಲ್ಲಿಯೇ ತಾಯಿಯೂ ಕಣ್ಣುಮುಚ್ಚಿದರು. ಶವವನ್ನು ಹೊರಲು ನಾಲ್ವರು ಸಿಗಲಿಲ್ಲ, ಇಬ್ಬರು ಮಾತ್ರ ಮುಂದೆ ಬಂದರು. ಉಳಿದೆರಡು ಕಡೆಗೆ ಅಣ್ಣನೂ ತಂಗಿಯೂ ಹೆಗಲು ಕೊಡಬೇಕಾಯಿತು. ಸ್ಮಶಾನ ಮೂರು ಮೈಲಿ ದೂರ. ಎತ್ತರ ಸಾಲದ ರಮಾ ಚಟ್ಟದ ತುದಿಯನ್ನು ತಲೆಯ ಮೇಲಿಟ್ಟುಕೊಂಡು, ತನಗೆ ವಿದ್ಯೆ ಕೊಟ್ಟ ತಾಯಿಯನ್ನು ಹೊತ್ತಳು. ಅಕ್ಕನು ಕಾಲರಾಕ್ಕೆ ತುತ್ತಾದಳು.

ಉಳಿದಿಬ್ಬರು ಸಾವಿರಾರು ಮೈಲಿ ಅಲೆದು 1878ರಲ್ಲಿ ಕಲ್ಕತ್ತೆಗೆ ಬಂದರು. ಅಲ್ಲಿನ ವಿದ್ವಾಂಸರು ಪರೀಕ್ಷಿಸಿ ಪಂಡಿತಾ ಮತ್ತು ಸರಸ್ವತಿ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರ್ಷ ರಮಾಬಾಯಿಯವರು ಬಿಪಿನ್ ಬಿಹಾರಿ ದಾಸ್ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಜಾತಿಭೇದವನ್ನೆಣಿಸದೆ ವಿವಾಹವಾದರು. 1881ರ ಏಪ್ರಿಲಿನಲ್ಲಿ ಹೆಣ್ಣುಮಗು ಹುಟ್ಟಿತು. ಮಗುವಿಗೆ ಮನೋರಮಾ ಎಂದು ಹೆಸರಿಟ್ಟರು. ಮಗುವಿಗೆ ವರ್ಷ ತುಂಬುವ ಮೊದಲೇ, 1882ರ ಫೆಬ್ರವರಿಯಲ್ಲಿ, ಕಾಲರಾ ಪತಿಯನ್ನೂ ಒಯ್ದಿತು.

ಇಪ್ಪತ್ತನಾಲ್ಕು ತುಂಬದ ವಿಧವೆ, ಕಂಕುಳಲ್ಲಿ ಕೂಸು. ಬೇರೊಬ್ಬರಾಗಿದ್ದರೆ ಯಾರದಾದರೂ ಆಶ್ರಯವನ್ನು ಅರಸುತ್ತಿದ್ದರು. ಈಕೆ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಹಂಟರ್ ಶಿಕ್ಷಣ ಆಯೋಗದ ಮುಂದೆ, ಹೆಂಗಸರಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಸಾಕ್ಷ್ಯ ನುಡಿದರು. ತಾನೇ ವೈದ್ಯೆಯಾಗಬೇಕೆಂಬುದು ಅವರ ಮನಸ್ಸಿನ ಗುರಿಯಾಗಿತ್ತು. ಮರಾಠಿಯಲ್ಲಿ ‘ಸ್ತ್ರೀ ಧರ್ಮನೀತಿ’ ಎಂಬ ಪುಸ್ತಕವನ್ನು ಬರೆದು, ಅದರ ಮಾರಾಟದ ಹಣದಿಂದ 1883ರಲ್ಲಿ ಎರಡು ವರ್ಷದ ಮಗುವಿನೊಡನೆ ಇಂಗ್ಲೆಂಡಿನ ಹಡಗನ್ನೇರಿದರು. ಅಲ್ಲಿ ಗುರಿಯು ಮುರಿಯಿತು. ಕಿವಿ ಮಂದವಾಗುತ್ತ ಬಂದುದರಿಂದ ವೈದ್ಯಕೀಯ ವ್ಯಾಸಂಗ ಅಸಾಧ್ಯವಾಯಿತು. ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತವನ್ನು ಕಲಿಸುತ್ತ, ತಾವು ಇಂಗ್ಲಿಷ್, ಗಣಿತ, ವಿಜ್ಞಾನಗಳನ್ನು ಕಲಿತರು. ಅದೇ ವರ್ಷ ಕ್ರೈಸ್ತ ಮತವನ್ನು ಸ್ವೀಕರಿಸಿದುದು ಸ್ವದೇಶದಲ್ಲಿ ದೊಡ್ಡ ಕೋಲಾಹಲವನ್ನೆಬ್ಬಿಸಿತು. ಆದರೂ ಶಾಕಾಹಾರವನ್ನು ಆಕೆ ಬಿಡಲಿಲ್ಲ. ಮಗಳು ಭಾರತೀಯಳಾಗಿಯೇ ಬೆಳೆಯಬೇಕೆಂಬ ಹಟವನ್ನೂ ಬಿಡಲಿಲ್ಲ.

ಇಲ್ಲಿ ನಮ್ಮ ಭಿವಂಡಿಯ ನೆರೆಯ ಕಲ್ಯಾಣದ ಹೆಸರು ಬರುತ್ತದೆ. 1865ರಲ್ಲಿ ಕಲ್ಯಾಣದಲ್ಲಿ ಜನಿಸಿದ ಆನಂದೀಬಾಯಿ ಜೋಶಿಯವರು ರಮಾಬಾಯಿಯವರಿಗೆ ಸಂಬಂಧಿ. ಪತಿ ಗೋಪಾಲರಾಯರು ಅಂಚೆ ಇಲಾಖೆಯ ಗುಮಾಸ್ತರು. ಗುಮಾಸ್ತೆಯ ಸಂಬಳದಲ್ಲಿ ಹೆಂಡತಿಯನ್ನು ಓದಿಸಿದ ಮನುಷ್ಯ. ಹದಿನಾಲ್ಕನೆಯ ವಯಸ್ಸಿನಲ್ಲಿ ಹೆತ್ತ ಗಂಡುಮಗು ಹತ್ತು ದಿನಕ್ಕೆ ತೀರಿಕೊಂಡ ದುಃಖವು ಆನಂದೀಬಾಯಿಯವರನ್ನು ವೈದ್ಯಕೀಯದತ್ತ ತಿರುಗಿಸಿತು. 1886ರ ಮಾರ್ಚ್ 11ರಂದು ಅಮೇರಿಕೆಯ ಫಿಲಡೆಲ್ಫಿಯಾದಲ್ಲಿ ಅವರು ಪದವಿಯನ್ನು ಪಡೆದಾಗ, ಇಂಗ್ಲೆಂಡಿನಿಂದ ಮಗಳೊಡನೆ ಬಂದ ರಮಾಬಾಯಿಯವರು ಸಭೆಯಲ್ಲಿದ್ದರು. ತನಗೆ ದಕ್ಕದುದು ತನ್ನವಳಿಗೆ ದಕ್ಕಿತೆಂಬ ಸಂತೋಷವು ಬಹುಕಾಲ ಉಳಿಯಲಿಲ್ಲ. ಸ್ವದೇಶಕ್ಕೆ ಮರಳಿದ ಆನಂದೀಬಾಯಿಯವರು ಇಪ್ಪತ್ತೆರಡು ತುಂಬುವ ಮೊದಲೇ, 1887ರ ಫೆಬ್ರವರಿಯಲ್ಲಿ, ಕ್ಷಯದಿಂದ ತೀರಿಕೊಂಡರು.

ಕೆಲವು ತಿಂಗಳಿಗೆಂದು ಹೋದ ರಮಾಬಾಯಿಯವರು ಅಮೇರಿಕೆಯಲ್ಲಿ ಎರಡು ವರ್ಷಗಳಿಗೂ ಮಿಕ್ಕಿ ನಿಂತರು. ಊರೂರು ತಿರುಗಿ ಭಾಷಣ ಮಾಡಿ ವಿಧವೆಯರ ಶಾಲೆಗೆ ಹಣ ಕೂಡಿಸಬೇಕು. ಐದು ವರ್ಷದ ಮಗಳನ್ನು ಜೊತೆಯಲ್ಲಿ ಎಳೆದಾಡುವಂತಿಲ್ಲ. ಕೊನೆಗೆ ಮನೋರಮಾಳನ್ನು ಇಂಗ್ಲೆಂಡಿನ ಕ್ರೈಸ್ತ ಸಹೋದರಿಯರ ಬಳಿಗೆ ಹಿಂದಕ್ಕೆ ಕಳುಹಿಸಿದರು. ತೋಳಿನಲ್ಲಿಟ್ಟುಕೊಂಡು ಕಲಿಸಿದ ತಾಯಿಯ ಮಗಳು, ತನ್ನ ಮಗಳನ್ನು ಸಮುದ್ರದಾಚೆಗೆ ಕಳುಹಿಸಬೇಕಾಯಿತು. ಇದನ್ನು ಕಠೋರವೆನ್ನುವವರಿರಬಹುದು. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು, ವರ್ಷಕ್ಕೊಮ್ಮೆ ಅವರ ಮುಖವನ್ನು ಕಾಣುವ ನಮ್ಮಲ್ಲನೇಕರು ಹಾಗೆ ಅನ್ನಲಾರರು.

ಆ ಅವಧಿಯಲ್ಲಿಯೇ ಶಿಶುವಿಹಾರದ ಶಿಕ್ಷಣ ಪದ್ಧತಿಯನ್ನು ಅಭ್ಯಾಸ ಮಾಡಿ, ಭಾರತದ ಮಕ್ಕಳಿಗಾಗಿ ಮರಾಠಿ ಪಾಠಪುಸ್ತಕಗಳನ್ನು ಸಿದ್ಧಪಡಿಸಿದರು. 1887ರಲ್ಲಿ ‘ದಿ ಹೈ ಕಾಸ್ಟ್ ಹಿಂದೂ ವುಮನ್’ ಎಂಬ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿದರು. ಅದನ್ನು ಅರ್ಪಿಸಿದ್ದು ಯಾವ ಸಿರಿವಂತ ದಾನಿಗೂ ಅಲ್ಲ, ಲಕ್ಷ್ಮೀಬಾಯಿ ಡೋಂಗ್ರೆಯವರ ಸ್ಮೃತಿಗೆ.

1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯಲ್ಲಿ ಶಾರದಾ ಸದನವು ಆರಂಭವಾಯಿತು. ಅಲ್ಲಿಗೆ ಸೇರಿದ ಮೊದಲ ವಿಧವೆ ಗೋದೂಬಾಯಿ, ಮುಂದೆ ಮಹರ್ಷಿ ಕರ್ವೆಯವರ ಕೈಹಿಡಿದ ಸಾಧ್ವಿ. ಮರುವರ್ಷ ಸದನವು ಪುಣೆಗೆ ಹೋಯಿತು. ಮತಾಂತರದ ಆರೋಪವೆದ್ದು, 1893ರಲ್ಲಿ ರಾನಡೆ, ಭಾಂಡಾರ್ಕರ್ ಮೊದಲಾದವರು ಸಲಹಾ ಮಂಡಲಿಯನ್ನು ತ್ಯಜಿಸಿದರು. ಅನೇಕ ಬಾಲೆಯರನ್ನು ಮನೆಯವರು ಕರೆದೊಯ್ದರು. ಆ ವಾದದಲ್ಲಿ ಎರಡು ಕಡೆಯೂ ಬಹಳ ಮಾತುಗಳಾಗಿವೆ, ಇಲ್ಲಿ ಅವು ಬೇಡ. 1896-97ರ ಬರಗಾಲದಲ್ಲಿ ಮಧ್ಯಪ್ರಾಂತಕ್ಕೆ ಹೋಗಿ ಸುಮಾರು ಮುನ್ನೂರು ಅನಾಥ ಹೆಣ್ಣುಮಕ್ಕಳನ್ನು ಕರೆತಂದು, ಪುಣೆಯಾಚೆಯ ಕೇಡಗಾಂವದಲ್ಲಿ ನೆಲೆಗೊಳಿಸಿದರು. ಅದೇ ಮುಕ್ತಿ ಸದನ. ತನ್ನ ತಂದೆ ತಾಯಿ ಮಾಡಿದ ತಪ್ಪನ್ನು ಈಕೆ ಮರೆತಿರಲಿಲ್ಲ: ಅಲ್ಲಿ ಓದಿನೊಡನೆ ನೇಯ್ಗೆ, ಹೊಲಿಗೆ, ಮುದ್ರಣ, ಒಕ್ಕಲುತನಗಳನ್ನೂ ಕಲಿಸಲಾಯಿತು.

ಮನೋರಮಾ ಮುಂಬಯಿ ವಿಶ್ವವಿದ್ಯಾಲಯದ ಬಿ.ಎ. ಪದವೀಧರೆಯಾಗಿ ತಾಯಿಯ ಬಲಗೈಯಾದರು. ಆಗ ನಿಜಾಮರ ಆಡಳಿತಕ್ಕೊಳಪಟ್ಟಿದ್ದ ಕನ್ನಡದ ನೆಲ ಗುಲ್ಬರ್ಗಾದಲ್ಲಿ 1912ರಲ್ಲಿ ಶಾಲೆಯೊಂದು ಸ್ಥಾಪನೆಯಾದಾಗ, ಅದರ ಮುಖ್ಯೋಪಾಧ್ಯಾಯಿನಿಯಾದುದೂ ಅವರೇ. ಆ ಮಗಳು 1921ರಲ್ಲಿ, ನಲವತ್ತನೆಯ ವಯಸ್ಸಿನಲ್ಲಿ, ತಾಯಿಗಿಂತ ಮೊದಲೇ ನಡೆದರು. ವೃದ್ಧಾಪ್ಯದಲ್ಲಿ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು ಬೈಬಲನ್ನು ಮರಾಠಿಗೆ ತರುತ್ತಿದ್ದ ರಮಾಬಾಯಿಯವರು ಆ ಶೋಕದ ನಡುವೆಯೂ ಕೆಲಸವನ್ನು ಮುಗಿಸಿ, 1922ರ ಏಪ್ರಿಲ್ 5ರಂದು ಕೇಡಗಾಂವದಲ್ಲಿ ನಿಧನ ಹೊಂದಿದರು. ಕಲ್ಯಾಣದಲ್ಲಿ ರೈಲು ಹತ್ತಿ ಸೊಲ್ಲಾಪುರದ ಮಾರ್ಗವಾಗಿ ಗುಲ್ಬರ್ಗಾಕ್ಕೆ ಹೋಗುವವರು ಇಂದಿಗೂ ಕೇಡಗಾಂವ ನಿಲ್ದಾಣವನ್ನು ಹಾದೇ ಹೋಗುತ್ತಾರೆ.