ಸೋತ ಸೇನಾನಿ ಮಾಂಟ್‌ಕಾಮ್

ಚರಿತ್ರೆಯು ಗೆದ್ದವರನ್ನು ಬಹುಬೇಗ ಗುರುತಿಸುತ್ತದೆ. ಸೋತವರ ಬಳಿ ನಿಂತು ವಿಚಾರಿಸುವ ವ್ಯವಧಾನ ಅದಕ್ಕೆ ಕಡಿಮೆ. 1759ರಲ್ಲಿ ಕ್ವಿಬೆಕ್ ನಗರದ ಮುಂದೆ ಗೆದ್ದು ಮಡಿದ ಇಂಗ್ಲಿಷ್ ಸೇನಾನಿ ವುಲ್ಫ್‌ನ ಹೆಸರನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಅವನೆದುರು ನಿಂತು ಸೋತು, ಮರುದಿನ ಪ್ರಾಣಬಿಟ್ಟ ಫ್ರೆಂಚ್ ಸೇನಾನಿ ಮಾಂಟ್‌ಕಾಮ್‌ನ ಜೀವನವನ್ನು ಹೇಳಲು ನಾನಿಲ್ಲಿ ಹೊರಟಿದ್ದೇನೆ. ಅವನು ದೋಷವಿಲ್ಲದ ವೀರನೆಂದು ಅಲ್ಲ; ಅವನ ಗುಣಗಳಿಂದ ನಾವು ಕಲಿಯುವಷ್ಟನ್ನೇ ಅವನ ದೋಷಗಳಿಂದಲೂ ಕಲಿಯಬಹುದೆಂದು.

ಮಾಂಟ್‌ಕಾಮ್ 1712ರ ಫೆಬ್ರವರಿ 28ರಂದು ದಕ್ಷಿಣ ಫ್ರಾನ್ಸಿನ ನೀಮ್ ಪಟ್ಟಣದ ಸಮೀಪದ ಕಾಂದಿಯಾಕ್‌ನಲ್ಲಿ ಜನಿಸಿದನು. ಮನೆತನ ಹಳೆಯದು, ಹೆಸರು ದೊಡ್ಡದು. ಆದರೆ 1735ರಲ್ಲಿ ತಂದೆ ತೀರಿಕೊಂಡಾಗ ಆಸ್ತಿಯ ಜೊತೆಗೆ ಸಾಲವೂ ಅವನ ಪಾಲಿಗೆ ಬಂದಿತು. ಮರುವರ್ಷ ವಿವಾಹವಾಯಿತು, ಹತ್ತು ಮಕ್ಕಳು ಹುಟ್ಟಿದರು. ಬಾಲ್ಯದಲ್ಲಿಯೇ ಸೈನ್ಯದ ಪಟ್ಟಿಗೆ ಸೇರಿದ್ದ ಅವನು 1746ರಲ್ಲಿ ಇಟಲಿಯ ಪಿಯಾಚೆಂಜಾ ಕದನದಲ್ಲಿ ಐದು ಕತ್ತಿಯೇಟುಗಳನ್ನು ತಿಂದು ಶತ್ರುಗಳಿಗೆ ಸೆರೆಯಾದನು. ಇಷ್ಟಾದರೂ ಅವನ ಮನಸ್ಸು ನೆಲೆಸಿದ್ದುದು ಊರಿನ ತೋಟದಲ್ಲಿ. ಮುಂದೆ ಸಾಗರದಾಚೆಯಿಂದ ಮನೆಗೆ ಬರೆದ ಕಾಗದಗಳಲ್ಲಿಯೂ ಅವನು ಎಣ್ಣೆಗಾಣದ ಸಮಾಚಾರವನ್ನು ಕೇಳುತ್ತಾನೆ. ಸಾಲದ ಚಿಂತೆ, ಗಾಣದ ಚಿಂತೆ, ಮಕ್ಕಳ ಚಿಂತೆ - ಇವನ್ನು ಓದುವಾಗ ನನಗೆ ಅವನು ಪರದೇಶದವನೆಂಬುದೇ ಮರೆತುಹೋಗುತ್ತದೆ.

ಆ ಕಾಲದಲ್ಲಿ ಉತ್ತರ ಅಮೆರಿಕದ ಒಡೆತನಕ್ಕಾಗಿ ಇಂಗ್ಲಿಷರೂ ಫ್ರೆಂಚರೂ ಹೊಡೆದಾಡುತ್ತಿದ್ದರು. ಒಹಾಯೋ ಕಣಿವೆ ಯಾರದೆಂಬ ತಕರಾರಿನಿಂದ 1754ರಲ್ಲಿ ಅಲ್ಲಿ ಯುದ್ಧ ಹೊತ್ತಿಕೊಂಡಿತು. ಎರಡು ವರ್ಷಗಳ ತರುವಾಯ ಅದು ಯೂರೋಪಿಗೂ ಹಬ್ಬಿ ಸಪ್ತವಾರ್ಷಿಕ ಯುದ್ಧವಾಯಿತು. ನಾವು ಮೂರನೆಯ ಕರ್ನಾಟಿಕ್ ಯುದ್ಧವೆಂದು ಓದುವ ಹೋರಾಟವೂ ಇದೇ ಮರದ ಒಂದು ಕೊಂಬೆ. ಇಂಗ್ಲಿಷ್ ವಸಾಹತುಗಳ ಜನಸಂಖ್ಯೆ ಹತ್ತು ಲಕ್ಷವನ್ನು ಮೀರಿತ್ತು. ನ್ಯೂ ಫ್ರಾನ್ಸ್ ಎಂಬ ಫ್ರೆಂಚ್ ವಸಾಹತಿನಲ್ಲಿ ಎಪ್ಪತ್ತು ಸಾವಿರವೂ ಇದ್ದಿರಲಾರದು. ಇಂಥ ನೆಲವನ್ನು ಕಾಯಲು 1756ರಲ್ಲಿ ಮಾಂಟ್‌ಕಾಮ್ ಹಡಗು ಹತ್ತಿದನು.

ಆರಂಭದಲ್ಲಿ ಜಯಲಕ್ಷ್ಮಿ ಅವನಿಗೆ ಒಲಿದಳು. ಆ ವರ್ಷದ ಆಗಸ್ಟಿನಲ್ಲಿಯೇ ಆಸ್ವಿಗೋ ಕೋಟೆ ವಶವಾಯಿತು. 1758ರ ಜುಲೈ 8ರಂದು ಕಾರಿಯೋಂ ಕೋಟೆಯ ಮುಂದೆ ಸುಮಾರು 3,600 ಸೈನಿಕರಿಂದ, ತನ್ನ ನಾಲ್ಕುಪಟ್ಟಿಗೂ ಮಿಗಿಲಾದ ಇಂಗ್ಲಿಷ್ ಸೇನೆಯನ್ನು ಅವನು ಹಿಮ್ಮೆಟ್ಟಿಸಿದನು. ಕಡಿದ ಮರಗಳನ್ನು ಅಡ್ಡಹಾಕಿ, ಚೂಪಾದ ಕೊಂಬೆಗಳನ್ನು ಹೊರಮುಖವಾಗಿಟ್ಟು ಮಾಡಿದ ತಡೆಯ ಮೇಲೆ ಇಂಗ್ಲಿಷರು ಮತ್ತೆ ಮತ್ತೆ ನುಗ್ಗಿ ಸುಮಾರು 2,000 ಮಂದಿಯನ್ನು ಸಾವುನೋವುಗಳಿಗೆ ತೆತ್ತರು.

ಈ ಎರಡು ಜಯಗಳ ನಡುವೆ 1757ರ ಆಗಸ್ಟಿನ ಕಳಂಕವೊಂದಿದೆ. ವಿಲಿಯಂ ಹೆನ್ರಿ ಕೋಟೆಯನ್ನು ಮುತ್ತಿದ ಅವನ ಸೇನೆಯಲ್ಲಿ ಮೂಲನಿವಾಸಿ ಯೋಧರು ಸುಮಾರು 1,800 ಮಂದಿ ಇದ್ದರು. ದೂರದೂರದಿಂದ ಬಂದ ಅವರಿಗೆ ಸಂಬಳವಿಲ್ಲ. ಕೊಳ್ಳೆಯೂ ಸೆರೆಯಾಳುಗಳೂ ಅವರ ಶ್ರಮದ ಫಲ. ಮಾಂಟ್‌ಕಾಮ್ ಯೂರೋಪಿನ ಪದ್ಧತಿಯಂತೆ, ಸೋತವರು ಮರ್ಯಾದೆಯಿಂದ ಹೊರಟುಹೋಗಬಹುದೆಂದು ಮಾತುಕೊಟ್ಟನು. ಆ ಕರಾರಿನಲ್ಲಿ ಮೂಲನಿವಾಸಿಗಳಿಗೆ ಪಾಲೇ ಇರಲಿಲ್ಲ. ಮರುದಿನ ಹೊರಟ ಸೈನಿಕರ ಮೇಲೂ ಹೆಂಗಸರು ಮಕ್ಕಳ ಮೇಲೂ ಅವರು ಬಿದ್ದರು. ಇತ್ತೀಚಿನ ಸಂಶೋಧನೆಯಂತೆ ಸತ್ತವರು ಸುಮಾರು 70ರಿಂದ 185ರೊಳಗೆ. ಮಾಂಟ್‌ಕಾಮ್ ತಾನೇ ನಡುವೆ ಬಂದು ತಡೆಯಲೆತ್ನಿಸಿದನು. ಆದರೆ ಹೊತ್ತು ಮೀರಿತ್ತು. ಮೋಸಹೋದೆವೆಂದು ಬಗೆದ ಮೂಲನಿವಾಸಿಗಳು ತಮ್ಮ ನಾಡಿಗೆ ಹೊರಟುಹೋದರು. ಅಷ್ಟು ದೊಡ್ಡ ಸಂಖ್ಯೆಯಲ್ಲಿ ಮತ್ತೆ ಅವನ ನೆರವಿಗೆ ಬರಲಿಲ್ಲ.

ಗವರ್ನರ್ ವೋದ್ರೇಯನೊಡನೆಯೂ ಅವನಿಗೆ ಹೊಂದಲಿಲ್ಲ. ವೋದ್ರೇ ಕೆನಡಾದಲ್ಲಿಯೇ ಹುಟ್ಟಿದವನು. ಕಾಡಿನ ಮರೆಯಿಂದ ಎರಗುವ ಯುದ್ಧವೇ ಆ ನಾಡಿಗೆ ಸರಿಯೆಂದು ನಂಬಿದವನು. ಮಾಂಟ್‌ಕಾಮ್‌ಗೆ ಅದು ಯುದ್ಧವೆಂದೇ ತೋರಲಿಲ್ಲ. ಇವರಿಬ್ಬರೂ ಒಬ್ಬರ ಮೇಲೊಬ್ಬರು ಪ್ಯಾರಿಸಿಗೆ ದೂರು ಬರೆಯುತ್ತಿರಲು, ಖಜಾನೆಯ ಅಧಿಕಾರಿ ಬಿಗೋ ಮತ್ತು ಅವನ ಸಂಗಡಿಗರು ಸರ್ಕಾರದ ಹಣವನ್ನು ನುಂಗುತ್ತಿದ್ದರು. ಜನ ರೊಟ್ಟಿಗೆ ಪರದಾಡಿ ಕುದುರೆಯ ಮಾಂಸವನ್ನು ತಿನ್ನುವ ಗತಿ ಬಂದಿತು.

1758ರ ಕೊನೆಯಲ್ಲಿ ಸಹಾಯ ಬೇಡಲು ಬೂಗೆನ್‌ವಿಲ್ ಎಂಬ ಅಧಿಕಾರಿ ಫ್ರಾನ್ಸಿಗೆ ಹೋದನು. ಯೂರೋಪಿನ ರಣರಂಗದಲ್ಲಿ ಮುಳುಗಿದ್ದ ಸರ್ಕಾರ ಕೆಲವು ನೂರು ಸೈನಿಕರನ್ನೂ ಒಂದಿಷ್ಟು ಸಾಮಗ್ರಿಯನ್ನೂ ಕೊಟ್ಟು ಕೈತೊಳೆದುಕೊಂಡಿತು. ಅವನು ತಂದ ಮತ್ತೊಂದು ಸುದ್ದಿಯೆಂದರೆ ಮಾಂಟ್‌ಕಾಮ್‌ನ ಹೆಣ್ಣುಮಕ್ಕಳಲ್ಲಿ ಒಬ್ಬಳು ತೀರಿಕೊಂಡಳೆಂಬುದು. ಯಾವ ಮಗಳೆಂದು ತಿಳಿಯುವುದಕ್ಕೆ ಮುನ್ನವೇ ಅವನು ಹಡಗು ಹತ್ತಬೇಕಾಗಿ ಬಂದಿತ್ತು. ತನ್ನನ್ನೇ ಹೋಲುತ್ತಿದ್ದ ಮಿರೆಟ್ ಇರಬೇಕೆಂದು ತಂದೆ ಊಹಿಸಿದನು. ಯಾರಿಗಾಗಿ ಅಳಬೇಕೆಂಬುದೂ ಸರಿಯಾಗಿ ತಿಳಿಯದೆ ಆ ಬೇಸಗೆಯಲ್ಲಿ ಅವನು ಕ್ವಿಬೆಕ್ ಕಾಯಲು ನಿಂತನು.

ಜೂನ್ ಕೊನೆಗೆ ವುಲ್ಫ್ ಬಂದಿಳಿದನು. ಜುಲೈ 31ರ ಅವನ ದಾಳಿಯನ್ನು ಫ್ರೆಂಚರು ಮುರಿದರು. ಆದರೆ ಸೆಪ್ಟೆಂಬರ್ 13ರ ನಸುಕಿನಲ್ಲಿ ಇಂಗ್ಲಿಷರು ನದೀತೀರದ ಕಡಿದಾದ ದಿಬ್ಬವನ್ನೇರಿ, ಬೆಳಗಾಗುವಾಗ ನಗರದ ಹೊರಗಿನ ಅಬ್ರಹಾಂ ಬಯಲಿನಲ್ಲಿ ಸಾಲುಗಟ್ಟಿದರು. ಬೂಗೆನ್‌ವಿಲ್‌ನ ಪಡೆ ಕೆಲವು ಗಂಟೆಗಳ ದಾರಿಯಲ್ಲಿತ್ತು. ಅದು ಬರುವವರೆಗೆ ಕಾಯದೆ ಮಾಂಟ್‌ಕಾಮ್ ದಾಳಿಗೆ ಅಪ್ಪಣೆಯಿತ್ತನು. ಒಟ್ಟಿಗೆ ಕವಾಯತು ಮಾಡದ ಸೈನಿಕರೂ ನಾಡಪಡೆಯವರೂ ಬೆರೆತ ಅವನ ಸಾಲು ದಾರಿಯಲ್ಲಿಯೇ ಚದುರಿತು. ಅರ್ಧ ಗಂಟೆಯೊಳಗೆ ಎಲ್ಲವೂ ಮುಗಿಯಿತು. ವುಲ್ಫ್ ರಣದಲ್ಲಿಯೇ ಮಡಿದನು. ಗುಂಡೇಟು ತಿಂದ ಮಾಂಟ್‌ಕಾಮ್ ಮರುದಿನ ಬೆಳಗಿನ ಜಾವ ಅಸುನೀಗಿದನು. ಉರ್ಸುಲೈನ್ ಸನ್ಯಾಸಿನಿಯರ ಮಂದಿರದೊಳಗೆ, ಫಿರಂಗಿಯ ಗುಂಡು ತೋಡಿದ ಹಳ್ಳವೇ ಅವನ ಸಮಾಧಿಯಾಯಿತು. ಅವನ ಅವಶೇಷಗಳನ್ನು 2001ರಲ್ಲಿ, ಅವನ ಸೈನಿಕರು ಹಲವರು ಮಲಗಿರುವ ಆಸ್ಪತ್ರೆಯ ಸ್ಮಶಾನಕ್ಕೆ ಸಾಗಿಸಲಾಯಿತು.

1760ರಲ್ಲಿ ಮಾಂಟ್ರಿಯಲ್ ಶರಣಾಯಿತು. 1763ರ ಪ್ಯಾರಿಸ್ ಒಪ್ಪಂದದಲ್ಲಿ ಫ್ರಾನ್ಸ್ ಸಕ್ಕರೆ ಬೆಳೆಯುವ ಗ್ವಾಡಲೂಪ್ ದ್ವೀಪವನ್ನು ಹಿಂದಕ್ಕೆ ಪಡೆದು, ಕೆನಡಾವನ್ನು ಬಿಟ್ಟುಕೊಟ್ಟಿತು. ಮಾಂಟ್‌ಕಾಮ್ ಪ್ರಾಣ ತೆತ್ತ ನೆಲ ಅವನ ದೊರೆಗೆ ಅಷ್ಟೇ ಬೆಲೆಯದಾಗಿತ್ತು!

ಅವನಲ್ಲಿ ಧೈರ್ಯಕ್ಕೆ ಕೊರತೆಯಿರಲಿಲ್ಲ, ನಿಷ್ಠೆಗೂ ಇರಲಿಲ್ಲ. ಇಲ್ಲದಿದ್ದುದು ಒಂದೇ: ತಾನು ಕಾಯಬಂದ ನೆಲದವರ ಮಾತಿಗೆ ಕಿವಿಗೊಡುವ ವಿನಯ. ನಾಳೆ ಪದವಿ ಪಡೆದು ಅಧಿಕಾರಿಗಳಾಗಿಯೋ ಉಪಾಧ್ಯಾಯರಾಗಿಯೋ ಅರಿಯದ ಊರುಗಳಿಗೆ ಹೋಗಲಿರುವ ನಾವು ಅವನ ಧೈರ್ಯದ ಜೊತೆಗೆ ಈ ಕೊರತೆಯನ್ನೂ ನೆನಪಿನಲ್ಲಿಡುವುದು ಲೇಸೆಂದು ನನ್ನ ನಂಬಿಕೆ.